ಕ್ಯಾಮೆರಾ ಕೆಟ್ಟಿಲ್ಲ, ಸ್ವಲ್ಪ ತಾಳಿ!



ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಈಗ ಒಂದು ಒಳ್ಳೆಯ ಕ್ಯಾಮೆರಾ ಇರುವುದು ಅಪರೂಪವೇನಲ್ಲ. ಬೋನಸ್ ಬಂದಾಗ ಕೊಂಡದ್ದೋ, ಅಮೆರಿಕದಿಂದ ಬಂದ ಭಾವ ತಂದದ್ದೋ, ಮಗ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದೋ, ಒಂದಂತೂ ಇರುತ್ತದೆ. ಬೆಲೆ ಲಕ್ಷ ದಾಟಿರುತ್ತದೆ. ಅದರ ಜೊತೆಗೆ ಒಂದು ದೂರೂ ಇರುತ್ತದೆ: "ಇಷ್ಟು ದುಡ್ಡು ಕೊಟ್ಟರೂ ಫೋಟೋ ಮಸುಕು ಮಸುಕಾಗಿ ಬರುತ್ತೆ ಮಾರಾಯ್ರೇ, ಮೊಬೈಲೇ ವಾಸಿ!"

ಈ ದೂರು ಹೇಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಆದ್ದರಿಂದ ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

2009ರ ಮೇ ತಿಂಗಳು. ಕುಂದಾಪುರದ ಕಡೆ ನಮ್ಮ ಅಮ್ಮಮ್ಮನ ಸಹಸ್ರಚಂದ್ರ ದರ್ಶನ ಶಾಂತಿ. ಡೊಂಬಿವಲಿಯಿಂದ ನಾವು ನಾಲ್ಕು ಜನ ಹೊರಟೆವು. ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡಿದ್ದ ಫುಲ್ ಫ್ರೇಮ್ ಕ್ಯಾಮೆರಾ ಮತ್ತು 85 ಮಿ.ಮೀ. ಲೆನ್ಸ್ ನನ್ನ ಹೆಗಲಲ್ಲಿತ್ತು. "ಫೋಟೋದವರನ್ನು ಕರೆಸುವುದು ಬೇಡ, ನಾನಿದ್ದೇನಲ್ಲ" ಅಂತ ಮಾವನಿಗೆ ಫೋನಿನಲ್ಲೇ ಹೇಳಿದ್ದೆ. ಬೆಳಗಿನಿಂದ ಸಂಜೆಯವರೆಗೆ ನಾನೂರು ಚಿಲ್ಲರೆ ಫೋಟೋ ತೆಗೆದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ಊರಿನಿಂದ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಅಮ್ಮಮ್ಮನ ಬೆಂಡೋಲೆ ಫಳಫಳ ಹೊಳೆಯುತ್ತಿದೆ, ಸೀರೆಯ ಸೆರಗಿನ ಜರಿ ಎಳೆ ಎಳೆಯಾಗಿ ಕಾಣುತ್ತಿದೆ, ಕಣ್ಣು ಮಾತ್ರ ಮಸುಕು. ಒಂದಲ್ಲ ಎರಡಲ್ಲ, ಹತ್ತಿರದಿಂದ ತೆಗೆದ ಹೆಚ್ಚುಕಡಿಮೆ ಎಲ್ಲ ಚಿತ್ರಗಳೂ ಹಾಗೆಯೇ.

ಮರುವರ್ಷದ ಮಳೆಗಾಲದಲ್ಲಿ ಅಮ್ಮಮ್ಮ ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಕಟ್ಟು ಹಾಕಿಸಲು ಒಂದು ಫೋಟೋ ಬೇಕಾಯಿತು. ನನ್ನ ನಾನೂರರಲ್ಲಿ ಒಂದೂ ಸಿಗಲಿಲ್ಲ. ಮಾವನ ಮಗ ತನ್ನ ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಕ್ಯಾಮೆರಾದಲ್ಲಿ ತೆಗೆದದ್ದು ಇಂದಿಗೂ ಅಲ್ಲಿ ಜಗುಲಿಯ ಗೋಡೆಯ ಮೇಲಿದೆ.

ಕ್ಯಾಮೆರಾ ಕೆಟ್ಟಿದೆ ಅಂತಲೇ ನಂಬಿ, ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಒಬ್ಬ ಹಿರಿಯ ರಿಪೇರಿಯವರ ಬಳಿ ಹೋದೆ. ಅವರು ಹತ್ತು ನಿಮಿಷ ಪರೀಕ್ಷಿಸಿ, ಮೇಜಿನ ಮೇಲಿದ್ದ ಸ್ಕೇಲನ್ನು ತೆಗೆದು, ಆರು ಸೆಂಟಿಮೀಟರಿನಷ್ಟು ಜಾಗವನ್ನು ಎರಡು ಬೆರಳಿನಲ್ಲಿ ಹಿಡಿದು ತೋರಿಸಿದರು. "ನಿಮ್ಮ ಲೆನ್ಸಿಗೆ ಸ್ಪಷ್ಟವಾಗಿ ಕಾಣುವುದು ಇಷ್ಟೇ. ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ" ಅಂದರು. ದುಡ್ಡೂ ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅಂಗಡಿಗೆ ಓಡುವ ಮುನ್ನ ಒಮ್ಮೆ ಓದಿಕೊಳ್ಳಿ.

ಮೊದಲು ಈ ಸಣ್ಣ ಕೆಲಸಗಳು

ಟಿ.ವಿ. ಕೆಟ್ಟಿತು ಅಂತ ಮೆಕ್ಯಾನಿಕ್ಕನ್ನು ಕರೆಸಿದ ಮೇಲೆ ಪ್ಲಗ್ ಹಾಕಿಲ್ಲ ಅಂತ ಗೊತ್ತಾದ ಕಥೆ ಎಲ್ಲರ ಮನೆಯಲ್ಲೂ ಇದೆ. ಕ್ಯಾಮೆರಾದಲ್ಲೂ ಅಂಥ ಪ್ಲಗ್ಗುಗಳು ಐದಾರು ಇವೆ.

ಫೋಕಸ್ ಆಗುತ್ತಲೇ ಇಲ್ಲವೇ? ಲೆನ್ಸಿನ ಪಕ್ಕದಲ್ಲಿ ಎ.ಎಫ್., ಎಂ.ಎಫ್. ಎಂದು ಬರೆದ ಗುಂಡಿ ಇದ್ದರೆ ನೋಡಿ. ಚೀಲದಿಂದ ತೆಗೆಯುವಾಗ ಅದು ಎಂ.ಎಫ್. ಕಡೆಗೆ ಜಾರಿರುತ್ತದೆ. ಹಾಗಾದರೆ ಕೈಯಿಂದಲೇ ಫೋಕಸ್ ಮಾಡಬೇಕು.

ಕಣ್ಣಿಟ್ಟು ನೋಡುವ ಕಿಂಡಿಯಲ್ಲೇ ಎಲ್ಲವೂ ಮಂಜಾಗಿ ಕಾಣುತ್ತದೆಯೇ? ಆ ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಅದು ನಿಮ್ಮ ಕಣ್ಣಿನ ನಂಬರಿಗೆ ಹೊಂದಿಸಿಕೊಳ್ಳಲು. ಎದುರಿನ ದೃಶ್ಯವನ್ನು ನೋಡಬೇಡಿ, ಕಿಂಡಿಯ ಒಳಗೆ ಕಾಣುವ ಅಂಕಿಗಳನ್ನು ನೋಡುತ್ತಾ ತಿರುಗಿಸಿ. ಅಂಕಿಗಳು ಚೂಪಾಗಿ ಕಂಡಾಗ ನಿಲ್ಲಿಸಿ. ಮನೆಯಲ್ಲಿ ಇಬ್ಬರು ಬಳಸುವ ಕ್ಯಾಮೆರಾ ಆದರೆ ಇದು ದಿನಾ ಬದಲಾಗುತ್ತಲೇ ಇರುತ್ತದೆ.

ಕಾರ್ಡಿನಲ್ಲಿ ಬರೆಯಲಾಗುತ್ತಿಲ್ಲ ಅಂತ ಬರುತ್ತದೆಯೇ? ಎಸ್‌ಡಿ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಬೀಗದ ಗುಂಡಿ ಇದೆ. ಕಾರ್ಡನ್ನು ಒಳಗೆ ತುರುಕುವಾಗ ಅದು ಕೆಳಗೆ ಜಾರುತ್ತದೆ. ಮೇಲಕ್ಕೆ ಸರಿಸಿದರೆ ಮುಗಿಯಿತು.

ಕ್ಯಾನನ್ ಕ್ಯಾಮೆರಾದಲ್ಲಿ 'ಎರರ್ 01' ಅಂತ ಕಂಡರೆ ಅದರ ಅರ್ಥ ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆ ನಡೆಯುತ್ತಿಲ್ಲ ಎಂದು. ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚಿ, ಅದರ ಹಿಂಭಾಗದ ಚಿನ್ನದ ಬಣ್ಣದ ಬಿಂದುಗಳನ್ನು ಒಣಗಿದ, ಶುಭ್ರವಾದ ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ನಮ್ಮ ಬೆವರಿನ ಕೈ ಮುಟ್ಟಿ ಮುಟ್ಟಿ ಅಲ್ಲಿ ಜಿಡ್ಡು ಕೂತಿರುತ್ತದೆ. ಕರಾವಳಿಯ ಊರುಗಳಲ್ಲಿ ಇದು ಇನ್ನೂ ಬೇಗ. ನೀರು, ಮರಳು ಕಾಗದ, ಚಾಕು, ಯಾವುದನ್ನೂ ತಾಗಿಸಬೇಡಿ.

ನಿಕಾನ್ ಕ್ಯಾಮೆರಾಕ್ಕೆ ಅಪ್ಪನ ಕಾಲದ ಲೆನ್ಸ್ ಹಾಕಿದಾಗ 'ಎಫ್ ಇ ಇ' ಎಂಬ ಮೂರಕ್ಷರ ಮಿನುಗಿದರೆ ಗಾಬರಿಯಾಗಬೇಡಿ. ಹಳೆಯ ಲೆನ್ಸಿನ ಮೇಲೆ ಕಿಂಡಿ ತಿರುಗಿಸುವ ಬಳೆ ಇರುತ್ತದೆ. ಅದನ್ನು ಅತಿ ದೊಡ್ಡ ಅಂಕಿಗೆ, ಸಾಮಾನ್ಯವಾಗಿ 16 ಅಥವಾ 22ಕ್ಕೆ, ತಿರುಗಿಸಿಟ್ಟರೆ ಕ್ಯಾಮೆರಾ ಕೆಲಸ ಶುರು ಮಾಡುತ್ತದೆ. ಹಾಗೆಯೇ, 2006ರಲ್ಲಿ ಬಂದ ಡಿ40ಯಂಥ ಮಾದರಿಗಳ ಒಳಗೆ ಫೋಕಸ್ ಮೋಟರೇ ಇಲ್ಲ. ಮೋಟರ್ ಇಲ್ಲದ ಹಳೆಯ ಲೆನ್ಸನ್ನು ಅದಕ್ಕೆ ಹಾಕಿದರೆ ತಾನಾಗಿ ಫೋಕಸ್ ಆಗುವುದಿಲ್ಲ. ಕೆಟ್ಟದ್ದು ಯಾವುದೂ ಅಲ್ಲ, ಜೋಡಿ ಸರಿಹೊಂದಿಲ್ಲ ಅಷ್ಟೇ. ಕೈಯಿಂದ ಫೋಕಸ್ ಮಾಡಿದರೆ ಅದೇ ಲೆನ್ಸ್ ಚೆಂದದ ಚಿತ್ರ ಕೊಡುತ್ತದೆ.

ಕೊನೆಯದಾಗಿ, ಲೆನ್ಸಿನ ಮುಂದೆ ರಕ್ಷಣೆಗೆ ಅಂತ ಹಾಕಿಸಿಕೊಂಡ ಗಾಜಿನ ಫಿಲ್ಟರ್. ಐವತ್ತು ಸಾವಿರದ ಲೆನ್ಸಿನ ಮುಂದೆ ಇನ್ನೂರೈವತ್ತು ರೂಪಾಯಿಯ ಗಾಜು ಇಟ್ಟರೆ ಚಿತ್ರ ಮಂಕಾಗುತ್ತದೆ. ದೀಪದ ಎದುರು ತೆಗೆದರೆ ಬೆಳಕಿನ ದೆವ್ವಗಳು ಕಾಣುತ್ತವೆ. ಫಿಲ್ಟರ್ ತೆಗೆದು ಒಮ್ಮೆ ತೆಗೆದು ನೋಡಿ.

ಮಸುಕಿನಲ್ಲಿ ಮೂರು ಬಗೆ

ಇವೆಲ್ಲ ಸರಿಯಿದ್ದೂ ಚಿತ್ರ ಮಸುಕಾಗಿದ್ದರೆ ಡಾಕ್ಟರರ ಹಾಗೆ ಲಕ್ಷಣ ನೋಡಬೇಕು. ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ.

ಚಿತ್ರದಲ್ಲಿ ಎಲ್ಲೋ ಒಂದು ಕಡೆ, ಮುಂದೆಯೋ ಹಿಂದೆಯೋ, ಏನೋ ಒಂದು ಚೂಪಾಗಿದೆ, ನಿಮಗೆ ಬೇಕಾದದ್ದು ಮಾತ್ರ ಮಸುಕು. ಇದು ಫೋಕಸ್ ತಪ್ಪಿದ್ದು.

ಚಿತ್ರದಲ್ಲಿ ಎಲ್ಲೂ ಏನೂ ಚೂಪಾಗಿಲ್ಲ, ದೀಪದ ಚುಕ್ಕೆಗಳೆಲ್ಲ ಒಂದೇ ದಿಕ್ಕಿನಲ್ಲಿ ಎಳೆದ ಗೆರೆಗಳಾಗಿವೆ. ಇದು ಕೈ ಅಲುಗಿದ್ದು.

ಹಿಂದಿನ ಗೋಡೆ, ಕುರ್ಚಿ ಎಲ್ಲ ಚೂಪಾಗಿವೆ, ಕುಣಿಯುವ ಮಗುವಿನ ಕೈಕಾಲು ಮಾತ್ರ ಕದಡಿವೆ. ಇದು ಎದುರಿನವರು ಅಲುಗಿದ್ದು.

ಮೂರಕ್ಕೂ ಮದ್ದು ಬೇರೆ ಬೇರೆ. ಕೈ ಅಲುಗುವುದಕ್ಕೆ ಹಳೆಯ ಲೆಕ್ಕ ಒಂದಿದೆ: ಲೆನ್ಸ್ ಎಷ್ಟು ಮಿಲಿಮೀಟರೋ, ಶಟರ್ ವೇಗ ಅದಕ್ಕಿಂತ ಕಡಿಮೆ ಇರಬಾರದು. 50 ಮಿ.ಮೀ. ಲೆನ್ಸಿಗೆ ಒಂದು ಸೆಕೆಂಡಿನ 50ನೇ ಒಂದು ಭಾಗ, 200 ಮಿ.ಮೀ. ಲೆನ್ಸಿಗೆ 200ನೇ ಒಂದು ಭಾಗ. ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ ಇದನ್ನು ಒಂದೂವರೆ ಪಟ್ಟು ಮಾಡಿ. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ನಿಧಾನದ ವೇಗದಲ್ಲೂ ತೆಗೆಯಬಹುದು. ಆದರೆ ಒಂದು ಮಾತು ನೆನಪಿಡಿ. ಆ ವ್ಯವಸ್ಥೆ ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು, ಎದುರಿನವರದ್ದನ್ನಲ್ಲ. ಓಡುವ ಮಗುವಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಶಟರ್ ವೇಗ ಹೆಚ್ಚಿಸಬೇಕು, ಅದಕ್ಕಾಗಿ ಐಎಸ್‌ಒ ಹೆಚ್ಚಿಸಬೇಕು. ಐಎಸ್‌ಒ ಹೆಚ್ಚಿದರೆ ಚಿತ್ರದಲ್ಲಿ ರವೆಯ ಹಾಗೆ ಕಾಳು ಕಾಳು ಕಾಣುತ್ತದೆ, ನಿಜ. ಕಾಳಿದ್ದರೂ ಮುಖ ಗುರುತು ಸಿಗುತ್ತದೆ. ಕದಡಿದ ಮುಖಕ್ಕೆ ಮದ್ದಿಲ್ಲ.

ಆರು ಸೆಂಟಿಮೀಟರಿನ ಲೆಕ್ಕ

ಈಗ ನನ್ನ ಅಮ್ಮಮ್ಮನ ಫೋಟೋಕ್ಕೆ ಬರೋಣ. ನಾನು ತೆಗೆದದ್ದು 85 ಮಿ.ಮೀ. ಲೆನ್ಸಿನಲ್ಲಿ, ಕಿಂಡಿಯನ್ನು ಪೂರ್ತಿ ತೆರೆದು, ಅಂದರೆ ಎಫ್ 1.8ರಲ್ಲಿ. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕು ಅನ್ನುವ ಆಸೆ. ಎರಡು ಮೀಟರ್ ದೂರದಿಂದ ಹೀಗೆ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು ಸುಮಾರು 6 ಸೆಂಟಿಮೀಟರ್ ಮಾತ್ರ. ಫೋಕಸ್ ಮಾಡಿದ ಜಾಗದಿಂದ ಮುಂದಕ್ಕೆ ಮೂರು, ಹಿಂದಕ್ಕೆ ಮೂರು. ಕಣ್ಣಿನಿಂದ ಕಿವಿಗೆ ಅದಕ್ಕಿಂತ ಹೆಚ್ಚು ದೂರ ಇದೆ.

ಅಮ್ಮಮ್ಮ ಮಣೆಯ ಮೇಲೆ ಕೂತಿದ್ದರು. ಒಬ್ಬೊಬ್ಬರಾಗಿ ಬಂದು ನಮಸ್ಕಾರ ಮಾಡುತ್ತಿದ್ದರು. ಅಮ್ಮಮ್ಮ ಪ್ರತಿಯೊಬ್ಬರಿಗೂ ಮುಂದಕ್ಕೆ ಬಾಗಿ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಿದ್ದರು. ನಾನು ಅವರ ಮುಖಕ್ಕೆ ಫೋಕಸ್ ಮಾಡಿ, ಕ್ಯಾಮೆರಾ ಸ್ವಲ್ಪ ತಿರುಗಿಸಿ ನಮಸ್ಕಾರ ಮಾಡುವವರನ್ನೂ ಚೌಕಟ್ಟಿಗೆ ತಂದು, ಆಮೇಲೆ ಗುಂಡಿ ಒತ್ತುತ್ತಿದ್ದೆ. ಅಷ್ಟರಲ್ಲಿ ಅವರು ಬಾಗಿರುತ್ತಿದ್ದರು. ಮೂರು ಸೆಂಟಿಮೀಟರ್ ಅಂದರೆ ಎರಡು ಬೆರಳಿನ ಅಗಲ. ಬಾಗುವುದಿರಲಿ, ಉಸಿರಾಡಿದರೂ ಅಷ್ಟು ದೂರ ತಪ್ಪಬಹುದು. ಕಣ್ಣಿದ್ದ ಜಾಗಕ್ಕೆ ಕಿವಿ ಬಂದಿತ್ತು. ಕ್ಯಾಮೆರಾ ನಾನು ಹೇಳಿದ ಜಾಗಕ್ಕೇ ಫೋಕಸ್ ಮಾಡಿತ್ತು, ಪಾಪ.

ಅದೇ ಲೆನ್ಸನ್ನು ಎಫ್ 4ಕ್ಕೆ ಇಟ್ಟಿದ್ದರೆ ಆಳ ಸುಮಾರು 13 ಸೆಂಟಿಮೀಟರ್ ಆಗುತ್ತಿತ್ತು. ಮುಖ ಪೂರ್ತಿ ಉಳಿಯುತ್ತಿತ್ತು. ಎಫ್ 1.8ರಲ್ಲೇ ತೆಗೆಯಬೇಕು ಅನ್ನುವ ಹಟ ಇದ್ದರೆ, ಫೋಕಸ್ ಬಿಂದುವನ್ನೇ ಕಣ್ಣಿನ ಮೇಲೆ ಸರಿಸಿ, ಕ್ಯಾಮೆರಾವನ್ನು ಆಮೇಲೆ ತಿರುಗಿಸದೆ ತೆಗೆಯಬೇಕು. ಚಲನೆಯನ್ನು ಹಿಂಬಾಲಿಸುವ ನಿರಂತರ ಫೋಕಸ್ ಬಳಸಬೇಕು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಗುರುತಿಸಿ ಹಿಡಿದುಕೊಳ್ಳುತ್ತವೆ. ಅದು ನಿಮ್ಮ ಕ್ಯಾಮೆರಾದಲ್ಲಿ ಇದ್ದರೆ ಖಂಡಿತ ಬಳಸಿ, ನಾಚಿಕೆ ಪಡಬೇಡಿ.

ಮತ್ತೊಂದು ಅಭ್ಯಾಸ ಅವತ್ತೇ ಮಾಡಿಕೊಂಡೆ. ಸಮಾರಂಭ ಶುರುವಾದ ಐದನೇ ನಿಮಿಷಕ್ಕೆ ಒಂದು ಚಿತ್ರವನ್ನು ಬೆನ್ನಿನ ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಕಣ್ಣು ನೋಡುತ್ತೇನೆ. ಪುಟ್ಟ ಪರದೆಯಲ್ಲಿ ಎಲ್ಲ ಫೋಟೋವೂ ಚೆಂದ. ಹಿಗ್ಗಿಸಿದರೆ ಮಾತ್ರ ಸತ್ಯ ಗೊತ್ತಾಗುವುದು.

ನಿಜವಾಗಿಯೂ ಕ್ಯಾಮೆರಾದ ತಪ್ಪೇ ಆಗಿದ್ದರೆ?

ಹಾಗೂ ಇರುತ್ತದೆ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಫೋಕಸ್ ಅಳೆಯುವ ಸಾಧನ ಬೇರೆ, ಚಿತ್ರ ಮೂಡುವ ಸೆನ್ಸರ್ ಬೇರೆ. ಲೆನ್ಸಿನಿಂದ ಬಂದ ಬೆಳಕಿನಲ್ಲಿ ಒಂದು ಪಾಲು ಕನ್ನಡಿಯ ಮೂಲಕ ಕೆಳಗಿನ ಸಾಧನಕ್ಕೆ ಹೋಗುತ್ತದೆ, ಅದು ಅಳೆದು ಹೇಳುತ್ತದೆ. ಈ ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಫೋಕಸ್ ಯಾವಾಗಲೂ ಸ್ವಲ್ಪ ಮುಂದೆಯೋ ಸ್ವಲ್ಪ ಹಿಂದೆಯೋ ಬೀಳುತ್ತದೆ. 'ಯಾವಾಗಲೂ', 'ಒಂದೇ ಕಡೆಗೆ' ಅನ್ನುವುದೇ ಇಲ್ಲಿ ಗುರುತು. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬೀಳುತ್ತಿದ್ದರೆ ತಪ್ಪು ನಮ್ಮದೇ ಇರುವ ಸಂಭವ ಹೆಚ್ಚು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಗಲು ಬೆಳಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅದರ ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿ ಒರಗಿಸಿ, ಡಬ್ಬದ ಮುಖದ ನೇರಕ್ಕೆ ಸ್ಕೇಲಿನ ಮಧ್ಯದ ಅಂಕಿ ಬರಲಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಇಟ್ಟು, ಲೆನ್ಸಿನ ಉದ್ದದ 25ರಿಂದ 50 ಪಟ್ಟು ದೂರದಲ್ಲಿ ನಿಲ್ಲಿಸಿ. 50 ಮಿ.ಮೀ. ಲೆನ್ಸಾದರೆ ಒಂದೂಕಾಲರಿಂದ ಎರಡೂವರೆ ಮೀಟರ್. ಕಿಂಡಿಯನ್ನು ಪೂರ್ತಿ ತೆರೆದು ಡಬ್ಬದ ಅಕ್ಷರಗಳ ಮೇಲೆ ಫೋಕಸ್ ಮಾಡಿ ಐದಾರು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸನ್ನು ಕೈಯಾರೆ ಕೆಡಿಸಿ ಮತ್ತೆ ಮಾಡಿಸಿ. ಆಮೇಲೆ ಬೆನ್ನಿನ ಪರದೆಯಲ್ಲಿ ನೋಡಿಕೊಂಡು, ಅಂದರೆ ಲೈವ್ ವ್ಯೂನಲ್ಲಿ, ಅದೇ ರೀತಿ ಐದಾರು ತೆಗೆಯಿರಿ. ಲೈವ್ ವ್ಯೂ ಚಿತ್ರಗಳು ಚೂಪಾಗಿದ್ದು, ಕಿಂಡಿಯಲ್ಲಿ ನೋಡಿ ತೆಗೆದವು ಪ್ರತಿ ಸಲವೂ ಒಂದೇ ಕಡೆಗೆ ಜಾರಿದ್ದರೆ ಹೊಂದಾಣಿಕೆ ತಪ್ಪಿದೆ ಎಂದು ಅರ್ಥ.

2007ರಿಂದ ಈಚೆಗೆ ಬಂದ ಮೇಲ್ದರ್ಜೆಯ ಕ್ಯಾನನ್, ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಇದನ್ನು ಸರಿಪಡಿಸುವ ಸೌಲಭ್ಯ ಮೆನುವಿನಲ್ಲೇ ಇದೆ. ಕಳೆ 20ರಿಂದ ಕೂಡು 20ರವರೆಗೆ ಅಂಕಿ ಬದಲಿಸಬಹುದು. ಪ್ರತಿ ಲೆನ್ಸಿಗೂ ಬೇರೆ ಬೇರೆ ಅಂಕಿಯನ್ನು ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ. 20ಕ್ಕೂ ಸರಿಹೋಗದಿದ್ದರೆ ಆಗ ರಿಪೇರಿಗೆ ಕೊಡಿ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಅಳೆಯುವುದೂ ಚಿತ್ರ ಮೂಡುವುದೂ ಅದೇ ಸೆನ್ಸರಿನ ಮೇಲೆ. ಹಾಗಾಗಿ ಈ ತಲೆನೋವು ಅಲ್ಲಿ ಹೆಚ್ಚುಕಡಿಮೆ ಇಲ್ಲ.

ಆಕಾಶದಲ್ಲಿ ಚುಕ್ಕೆ

ಹಂಪಿಗೆ ಹೋಗಿ ಬಂದಿರಿ. ಎಲ್ಲ ಚಿತ್ರಗಳ ನೀಲಿ ಆಕಾಶದಲ್ಲಿ ಒಂದೇ ಜಾಗದಲ್ಲಿ ಬೂದು ಬಣ್ಣದ ಚುಕ್ಕೆ. ಲೆನ್ಸಿನ ಮುಂದಿನ ಗಾಜನ್ನು ಎಷ್ಟು ಒರೆಸಿದರೂ ಹೋಗುವುದಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಧೂಳು ಇರುವುದು ಅಲ್ಲಲ್ಲ, ಸೆನ್ಸರಿನ ಮೇಲೆ. ಲೆನ್ಸಿನ ಮುಂಭಾಗದ ಸಣ್ಣಪುಟ್ಟ ಧೂಳು ಚಿತ್ರದಲ್ಲಿ ಕಾಣುವುದು ತೀರಾ ಕಡಿಮೆ.

ಪರೀಕ್ಷೆ ಸುಲಭ. ಎಫ್ 16ಕ್ಕೆ ಇಟ್ಟು, ಬರೀ ಆಕಾಶವನ್ನೋ ಬಿಳಿ ಗೋಡೆಯನ್ನೋ ಬೇಕೆಂದೇ ಫೋಕಸ್ ತಪ್ಪಿಸಿ ತೆಗೆಯಿರಿ. ಚುಕ್ಕೆ ಎಲ್ಲೆಲ್ಲಿದೆ ಗೊತ್ತಾಗುತ್ತದೆ. ಲೆನ್ಸಿನ ಮೂಲಕ ಚಿತ್ರ ತಲೆಕೆಳಗಾಗಿ ಮೂಡುವುದರಿಂದ, ಚಿತ್ರದ ಮೇಲಿನ ಎಡ ಮೂಲೆಯಲ್ಲಿ ಕಂಡ ಧೂಳು, ಲೆನ್ಸ್ ಬಿಚ್ಚಿ ಎದುರಿನಿಂದ ನೋಡಿದಾಗ ಸೆನ್ಸರಿನ ಕೆಳಗಿನ ಎಡ ಮೂಲೆಯಲ್ಲಿ ಇರುತ್ತದೆ.

ಕ್ಯಾಮೆರಾದ ಮೆನುವಿನಲ್ಲಿ ಸೆನ್ಸರ್ ಶುಚಿಗೊಳಿಸುವ ಆಯ್ಕೆ ಇದ್ದರೆ ಮೊದಲು ಅದನ್ನು ಎರಡು ಮೂರು ಸಲ ನಡೆಸಿ. ಹೋಗದಿದ್ದರೆ ರಬ್ಬರಿನ ಊದುಬುಡ್ಡೆ ತನ್ನಿ. ಬ್ಯಾಟರಿ ತುಂಬಿರಲಿ, ಯಾಕೆಂದರೆ ಕನ್ನಡಿ ಎತ್ತಿದ್ದಾಗ ಬ್ಯಾಟರಿ ಮುಗಿದರೆ ಅದು ಬಡಿದುಕೊಂಡು ಕೆಳಗೆ ಬೀಳುತ್ತದೆ. ಕ್ಯಾಮೆರಾದ ಬಾಯಿಯನ್ನು ಕೆಳಮುಖ ಮಾಡಿ, ಬುಡ್ಡೆಯ ತುದಿ ಒಳಗೆ ತಾಗದಂತೆ ಊದಿ. ಬಾಯಲ್ಲಿ ಮಾತ್ರ ಊದಬೇಡಿ, ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಒತ್ತಿದರೆ ಗಾಳಿ ಚಿಮ್ಮುವ ಡಬ್ಬಿಗಳೂ ಬೇಡ, ಅವುಗಳಿಂದ ದ್ರವ ಚಿಮ್ಮಿ ಕಲೆಯಾಗುತ್ತದೆ. ಅಷ್ಟಕ್ಕೂ ಹೋಗದ ಅಂಟು ಕಲೆಯಾದರೆ ಅನುಭವ ಇರುವವರ ಕೈಗೆ ಕೊಡಿ.

ಮಳೆಗಾಲದ ಶತ್ರು ಬೂಷ್ಟು

ಮುಂಬಯಿ, ಚೆನ್ನೈನಂಥ ಕಡಲ ಪಕ್ಕದ ಊರಿನವರು ಈ ಭಾಗವನ್ನು ಎರಡು ಸಲ ಓದಿ. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ಮೇಲಿನ ಪದರ ತೆಗೆದು ಎಸೆಯಬಹುದು. ಲೆನ್ಸಿನ ಒಳಗೆ ಹಿಡಿದರೆ ಅದು ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ.

ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಬಿಡಿ ಬಿಡಿ ಚುಕ್ಕೆಗಳು ಕಂಡರೆ ಧೂಳು, ಚಿಂತೆ ಇಲ್ಲ. ಜೇಡರ ಬಲೆಯ ಹಾಗೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಶುರುವಿನಲ್ಲೇ ಗೊತ್ತಾದರೆ ರಿಪೇರಿಯವರು ಬಿಚ್ಚಿ ಶುಚಿ ಮಾಡಬಲ್ಲರು. ತಡವಾದರೆ ಬೂಷ್ಟು ಹೋದರೂ ಅದರ ಗುರುತು ಉಳಿಯುತ್ತದೆ.

ಬೂಷ್ಟಿಗೆ ಬೇಕಾದದ್ದು ತೇವ, ಕತ್ತಲು, ನಿಂತ ಗಾಳಿ. ಮಳೆಗಾಲದಲ್ಲಿ ಕಪಾಟಿನೊಳಗಿನ ಕ್ಯಾಮೆರಾ ಚೀಲದಲ್ಲಿ ಇವು ಮೂರೂ ಒಟ್ಟಿಗೆ ಸಿಗುತ್ತವೆ. ಚೀಲ ಇರುವುದು ಪ್ರಯಾಣಕ್ಕೆ, ವಾಸಕ್ಕಲ್ಲ. ಅದರ ಒಳಗಿನ ಸ್ಪಂಜು ತೇವವನ್ನು ಹಿಡಿದಿಡುತ್ತದೆ. ಚರ್ಮದ ಚೀಲವಂತೂ ಇನ್ನೂ ಕೆಟ್ಟದ್ದು. ಅನುಕೂಲ ಇದ್ದವರು ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಕೊಳ್ಳಿ, ತೇವಾಂಶವನ್ನು ನೂರಕ್ಕೆ 40ರಿಂದ 50ರ ನಡುವೆ ಇಡಿ. ಅದಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಅಡುಗೆಮನೆಯ ಗಟ್ಟಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಾಕು. ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್ ಇಡಿ. ನೀಲಿ ಬಣ್ಣದ ಸಿಲಿಕಾ ಜೆಲ್ ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯಲ್ಲಿ ಬೇಡ, ಮಕ್ಕಳ ಕೈಗೂ ಸಿಗದಿರಲಿ. ಅಕ್ಕಿ ಡಬ್ಬದೊಳಗೆ ಇಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಮದ್ದು ಬಳಸುವುದು. ವಾರಕ್ಕೊಮ್ಮೆ ಹೊರತೆಗೆದು ಗಾಳಿ ಬೆಳಕು ತೋರಿಸಿ, ನಾಲ್ಕು ಚಿತ್ರ ತೆಗೆಯಿರಿ.

ಇನ್ನೊಂದು ವಿಷಯ. ರೈಲಿನ ಎ.ಸಿ. ಬೋಗಿಯಿಂದ ಮಂಗಳೂರಿನಲ್ಲಿ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಮಂಜು ಕವಿಯುತ್ತದೆ. ತಣ್ಣನೆಯ ಚೊಂಬಿನ ಹೊರಗೆ ನೀರು ಕಟ್ಟುತ್ತದಲ್ಲ, ಹಾಗೆಯೇ. ಚೀಲ ಮುಚ್ಚಿಯೇ ಇಟ್ಟು ಅರ್ಧ ಮುಕ್ಕಾಲು ಗಂಟೆ ಕಾಯಿರಿ. ದೆಹಲಿಯವರಿಗೆ ಇದು ಚಳಿಗಾಲದಲ್ಲಿ ಹೊರಗಿನಿಂದ ಬೆಚ್ಚಗಿನ ಮನೆಗೆ ಬರುವಾಗ.

ರಂಗದ ದೀಪ ಮತ್ತು ಪಟ್ಟೆ ಪಟ್ಟೆ ಚಿತ್ರ

ನಮ್ಮ ಸಂಘಗಳು ಊರಿನಿಂದ ಯಕ್ಷಗಾನ ಮೇಳ ಕರೆಸುತ್ತವೆ, ರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯ ಇರುತ್ತದೆ. ಹೊಸ ಕ್ಯಾಮೆರಾದಲ್ಲಿ ತೆಗೆದ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆ, ಅಥವಾ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ. ಕ್ಯಾಮೆರಾ ಕೆಟ್ಟಿತು ಅಂತ ತುಂಬ ಜನ ಹೆದರುವುದು ಇಲ್ಲೇ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದಕ್ಕೆ ತಕ್ಕಂತೆ ಟ್ಯೂಬ್‌ಲೈಟು ಮತ್ತು ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. 500ನೇ ಒಂದು ಸೆಕೆಂಡಿನಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗವನ್ನು 100ನೇ ಒಂದು ಅಥವಾ 50ನೇ ಒಂದು ಸೆಕೆಂಡಿಗೆ ಇಳಿಸಿದರೆ ಒಂದು ಪೂರ್ತಿ ಮಿನುಗು ಒಳಗೆ ಬಂದು ಪಟ್ಟೆ ಮಾಯವಾಗುತ್ತದೆ. ಶಬ್ದ ಮಾಡದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಪಟ್ಟೆ ಅಲ್ಲಿ ಹೆಚ್ಚು. ಯಾಂತ್ರಿಕ ಶಟರ್ ಇದ್ದರೆ ಅದಕ್ಕೆ ಬದಲಿಸಿ. ಮಿನುಗಿನ ಶಿಖರಕ್ಕೆ ಸರಿಯಾಗಿ ಕ್ಲಿಕ್ಕಿಸುವ ಸೌಲಭ್ಯವನ್ನು ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2 ಮಾದರಿಯಲ್ಲಿ ತಂದಿತು. ಈಗ ಬೇರೆ ಹಲವು ಕ್ಯಾಮೆರಾಗಳಲ್ಲೂ ಇದೆ, ಮೆನುವಿನಲ್ಲಿ ಹುಡುಕಿ.

100ನೇ ಒಂದು ಸೆಕೆಂಡಿನಲ್ಲಿ ಕುಣಿಯುವ ವೇಷ ಕದಡುವುದಿಲ್ಲವೇ ಎಂದು ಕೇಳುತ್ತೀರಿ. ಕದಡುತ್ತದೆ. ಆದರೆ ಕುಣಿತದ ಕೊನೆಯಲ್ಲಿ ವೇಷಧಾರಿ ಒಂದು ಕ್ಷಣ ನಿಂತು ದಿಟ್ಟಿಸುತ್ತಾನಲ್ಲ, ಅಲ್ಲಿ ತೆಗೆಯಿರಿ. ಚೆಂಡೆ ಕೇಳಿ ಬೆಳೆದ ಕಿವಿಗೆ ಆ ಕ್ಷಣ ಯಾವಾಗ ಬರುತ್ತದೆ ಅಂತ ಯಾವ ಮೆನುವೂ ಹೇಳಿಕೊಡಬೇಕಾಗಿಲ್ಲ.

ಕಾರ್ಡು ಕೈಕೊಟ್ಟಾಗ

ಚಿತ್ರಗಳು ಅಳಿಸಿಹೋದವು, ಅಥವಾ ಕಾರ್ಡ್ ತೆರೆಯುತ್ತಿಲ್ಲ. ಮೊದಲ ನಿಯಮ: ಆ ಕಾರ್ಡಿಗೆ ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಅಳಿಸಿದಾಗ ಹೋಗುವುದು ವಿಳಾಸ ಮಾತ್ರ, ಮನೆ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಮನೆ ಕಟ್ಟಿದರೆ ಹಳೆಯದು ಹೋಯಿತು. ಕಾರ್ಡನ್ನು ಹೊರತೆಗೆದಿಟ್ಟು, ಕಂಪ್ಯೂಟರಿನಲ್ಲಿ ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಹುಡುಕಿಸಿ. ಎಷ್ಟೋ ಸಲ ಬಹುಪಾಲು ಚಿತ್ರಗಳು ಸಿಗುತ್ತವೆ.

ಮೊದಲೇ ಜಾಗ್ರತೆ ಮಾಡುವುದಾದರೆ ಇಷ್ಟು ಸಾಕು. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕೆಂಪು ದೀಪ ಮಿನುಗುವಾಗ ಬಾಗಿಲು ತೆರೆಯಬೇಡಿ. ರಸ್ತೆಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ದೊಡ್ಡ ಹೆಸರಿನ ಕಾರ್ಡು ನಕಲಿ ಇರಬಹುದು, ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ. ಎರಡು ಕಾರ್ಡಿನ ಜಾಗ ಇರುವ ಕ್ಯಾಮೆರಾ ಆದರೆ ಎರಡಕ್ಕೂ ಒಂದೇ ಚಿತ್ರ ಬರೆಯುವಂತೆ ಇಡಿ. ಮದುವೆ, ಉಪನಯನಗಳು ಎರಡನೇ ಸಲ ನಡೆಯುವುದಿಲ್ಲ.

ಕೊನೆಯ ಮಾತು

ಬಿದ್ದದ್ದು, ನೀರು ಹೋದದ್ದು, ಒಳಗೆ ಏನೋ ಕಳಚಿ ಗಲಗಲ ಅನ್ನುವುದು, ಇವಕ್ಕೆಲ್ಲ ಮನೆಮದ್ದು ಇಲ್ಲ. ನೀರು ಹೋದರೆ ಬ್ಯಾಟರಿ ತೆಗೆಯಿರಿ, ಆನ್ ಮಾಡಿ ನೋಡುವ ಆಸೆ ಬಿಟ್ಟು ನೇರವಾಗಿ ರಿಪೇರಿಗೆ ಒಯ್ಯಿರಿ. ಶಟರಿಗೂ ಆಯುಷ್ಯ ಇದೆ. ನಿಕಾನ್ ಡಿ850ರ ಶಟರನ್ನು ಎರಡು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಲಾಗಿದೆ, ಕ್ಯಾನನ್ 5ಡಿ ಮಾರ್ಕ್ 3ರದ್ದು ಒಂದೂವರೆ ಲಕ್ಷಕ್ಕೆ. ಹಳೆಯ ಕ್ಯಾಮೆರಾ ಕೊಳ್ಳುವವರು ಈ ಲೆಕ್ಕ ಕೇಳಿ ಕೊಳ್ಳಿ, ಟಾರ್ಚ್ ಮರೆಯದೆ ಒಯ್ಯಿರಿ. ಮಿಕ್ಕ ದೂರುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ಯಾವುದಾದರೂ ಒಂದರಲ್ಲಿ ಬಗೆಹರಿಯುತ್ತವೆ.

ಈಗಲೂ ಊರಿಗೆ ಹೋದಾಗ ಜಗುಲಿಯ ಆ ಫೋಟೋ ನೋಡುತ್ತೇನೆ. ಅದರಲ್ಲಿ ಹಿನ್ನೆಲೆ ಕರಗಿಲ್ಲ. ಹಿಂದೆ ನೇತುಹಾಕಿದ ಒದ್ದೆ ಟವೆಲ್, ಯಾರದೋ ಚಪ್ಪಲಿ, ಎಲ್ಲ ಕಾಣುತ್ತವೆ. ಅಮ್ಮಮ್ಮನ ಕಣ್ಣೂ ಕಾಣುತ್ತದೆ, ಸ್ಪಷ್ಟವಾಗಿ, ನಗುತ್ತಾ. ಮಾವನ ಮಗನಿಗೆ ಎಫ್ ಅಂಕಿ ಅಂದರೇನು ಅಂತ ಅವತ್ತಿಗೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಈ ಭಾನುವಾರ ಕಪಾಟಿನಿಂದ ಕ್ಯಾಮೆರಾ ಹೊರಗೆ ತೆಗೆಯಿರಿ. ಟಾರ್ಚ್ ಬಿಟ್ಟು ಲೆನ್ಸ್ ನೋಡಿ, ಆಕಾಶದ ಪರೀಕ್ಷೆ ಮಾಡಿ. ಆಮೇಲೆ ಎಫ್ 4ಕ್ಕೆ ಇಟ್ಟು, ಮನೆಯ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ, ಕಣ್ಣಿಗೆ ಫೋಕಸ್ ಮಾಡಿ ಒಂದು ಚಿತ್ರ ತೆಗೆಯಿರಿ. ಹಿಗ್ಗಿಸಿ ನೋಡಿ. ಮಸುಕಾಗಿದ್ದರೆ ಇನ್ನೊಂದು ತೆಗೆಯಿರಿ. ಹೇಗೂ ಅವರು ಎದುರಿಗೇ ಇದ್ದಾರಲ್ಲ.